ಪ್ರೂಫ್ ವಾಪಸ್ ಕಳಿಸಿಬಿಡಿ

ಓದುಗರ ಪತ್ರ: “ಹದಿಮೂರು ವರ್ಷ ತಿದ್ದಿ ತೀಡಿದ ನನ್ನ ಮೊದಲ ಫ್ಯಾಂಟಸಿ ಕಾದಂಬರಿ ಕೊನೆಗೂ ಅಚ್ಚಿಗೆ ಹೋಗುತ್ತಿದೆ. ಇಷ್ಟು ವರ್ಷ ಯಾಕೆ ಬೇಕಿತ್ತು ಅಂತ ಗೆಳೆಯರು ನಗುತ್ತಾರೆ. ಬರೆದ ಕೂಡಲೇ ಪುಸ್ತಕ ಮಾಡುವ ಅವಸರ ಈಗ ಜಾಸ್ತಿಯಾಗಿದೆ ಅಂತ ನನ್ನ ಅನಿಸಿಕೆ. ಕೊನೆಯ ಪ್ರೂಫ್ ಮೇಜಿನ ಮೇಲಿದೆ. ಇನ್ನೊಂದು ಸಲ ಪೂರ್ತಿ ತಿದ್ದಿಬಿಡಲೇ ಅಂತ ಕೈ ತುರಿಸುತ್ತಿದೆ. ಮೊದಲ ಪುಟದ ಹಳೆಯ ರೂಪ, ಹೊಸ ರೂಪ ಎರಡನ್ನೂ ಜೊತೆಗಿಟ್ಟಿದ್ದೇನೆ. ಏನಂತೀರಿ?” (ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೊದಲಿಗೆ ಅಭಿನಂದನೆ. ಕಾದಂಬರಿ ಬರೆಯುತ್ತಿದ್ದೇನೆ ಎನ್ನುವವರಿಗೆ ಲೆಕ್ಕವಿಲ್ಲ, ಬರೆದು ಮುಗಿಸಿದವರು ಕಮ್ಮಿ. ನೀವು ಮುಗಿಸಿದ್ದೀರಿ. ಇನ್ನು ಬೈಗುಳ.

ಪ್ರೂಫಿನಲ್ಲಿ ಕಾಗುಣಿತ ನೋಡಿ. ಬಿಟ್ಟುಹೋದ ಸಾಲಿದ್ದರೆ ಸೇರಿಸಿ. ಅಷ್ಟೇ. ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ತಿದ್ದುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಹೆಗ್ಗಳಿಕೆ ಅಂತ ಕುಮಾರವ್ಯಾಸ ಹೇಳಿಕೊಂಡ. ಅವನಿಗೆ ಆ ಮಾತು ಒಪ್ಪುತ್ತದೆ. ನಾವು ನೀವು ಹಲಗೆ ಬಳಪ ಹಿಡಿದೇ ಕೂರಬೇಕು. ಅದರಲ್ಲೂ ಫ್ಯಾಂಟಸಿ ಬರೆಯುವವರ ಕಷ್ಟ ಬೇರೆಯೇ. ಮಂತ್ರ ಹಾಕಿದವರ ಆಯಸ್ಸಿನಲ್ಲಿ ಒಂದು ವರ್ಷ ಕಳೆಯುತ್ತದೆ ಅಂತ ಇಪ್ಪತ್ತನೇ ಅಧ್ಯಾಯದಲ್ಲಿ ಹೊಳೆಯಿತು ಅನ್ನಿ. ಮೂರನೇ ಅಧ್ಯಾಯದಲ್ಲಿ ಸುಮ್ನೆ ಒಲೆ ಹೊತ್ತಿಸಲು ಮಂತ್ರ ಹಾಕಿದ ಅಜ್ಜಿಯನ್ನು ಈಗ ಏನು ಮಾಡೋದು? ಹಿಂದೆ ಹೋಗಿ ತಿದ್ದಲೇಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅಂಥವರೇ, ಪಾತ್ರಗಳು ಬೇರೆ ಬೇರೆ ದಾರಿ ಹಿಡಿದ ಮೇಲೆ, ಎಲ್ಲ ಕಡೆ ಚಂದ್ರ ಒಂದೇ ತಿಥಿಯಲ್ಲಿ ಇದ್ದಾನಾ ಅಂತ ಲೆಕ್ಕ ಹಾಕಿ ಅಧ್ಯಾಯಗಳನ್ನು ಸರಿಪಡಿಸಿದರು.

ಇಷ್ಟಕ್ಕೆ ತಿದ್ದುವವರ ಪರ ನನ್ನ ವಕಾಲತ್ತು ಮುಗಿಯಿತು.

ಅದೇ ಟೋಲ್ಕಿನ್ ಕಡೆ ಇನ್ನೊಮ್ಮೆ ನೋಡಿ. ‘ದಿ ಹಾಬಿಟ್’ 1937ರಲ್ಲಿ ಬಂತು. ಅದರಲ್ಲಿ ಗೊಲ್ಲಮ್ ಎಂಬ ವಿಚಿತ್ರ ಜೀವಿ, ಒಗಟಿನ ಪಂದ್ಯದಲ್ಲಿ ನೀನು ಗೆದ್ದರೆ ಉಡುಗೊರೆ ಕೊಡುತ್ತೇನೆ ಅಂತ ಕಥಾನಾಯಕ ಬಿಲ್ಬೋಗೆ ಮಾತು ಕೊಡುತ್ತಾನೆ. ಆ ಉಡುಗೊರೆಯೇ ಉಂಗುರ. ಆಗ ಅದು ತೊಟ್ಟವನನ್ನು ಮಾಯ ಮಾಡುವ ಒಂದು ಉಂಗುರ, ಹೆಚ್ಚೇನಿಲ್ಲ. ಪುಸ್ತಕ ಓಡಿತು. ಇನ್ನೊಂದು ಕೊಡಿ ಎಂದರು ಪ್ರಕಾಶಕರು. ಮುಂದಿನ ಕಥೆ ಬರೆಯುತ್ತಾ ಹೋದ ಹಾಗೆ, ಆ ಉಂಗುರ ಎಂಥ ಕೇಡಿನ ವಸ್ತು ಅನ್ನುವುದು ಬರೆದವರಿಗೇ ತಿಳಿಯುತ್ತಾ ಬಂತು. ಅಂಥದ್ದನ್ನು ಯಾರಾದರೂ ಉಡುಗೊರೆ ಅಂತ ಕೊಡುತ್ತಾರಾ? 1951ರ ಎರಡನೇ ಆವೃತ್ತಿಯಲ್ಲಿ ಆ ಅಧ್ಯಾಯ ಬದಲಾಯಿತು. ಹಳೆಯದನ್ನು ಓದಿದವರಿಗೆ ಏನು ಹೇಳೋದು? ಬಿಲ್ಬೋ ಮೊದಲು ಸುಳ್ಳು ಹೇಳಿದ್ದ ಅಂತ ಕಥೆಯೊಳಗೇ ಒಂದು ಕಾರಣ ಹೊಸೆದರು. ಆ ಸುಳ್ಳೇ ಉಂಗುರದ ಕೇಡಿಗೆ ಮೊದಲ ಗುರುತಾಯಿತು. ಎಂಥ ಜಾಣತನ! ಇದೆಲ್ಲ ಆದದ್ದು ಮೊದಲ ಪುಸ್ತಕ ಓದುಗರ ಕೈಗೆ ಹೋದದ್ದರಿಂದ. ಇನ್ನೂ ಹದ ಬಂದಿಲ್ಲ ಅಂತ ಅದನ್ನು ಪೆಟ್ಟಿಗೆಗೆ ಹಾಕಿದ್ದರೆ, ಇನ್ನೊಂದು ಕೊಡಿ ಅಂತ ಕೇಳುವವರೇ ಇರುತ್ತಿರಲಿಲ್ಲ.

ಪೆಟ್ಟಿಗೆಯಲ್ಲೇ ಉಳಿದದ್ದೂ ಒಂದಿದೆ. ‘ದಿ ಸಿಲ್ಮರಿಲಿಯನ್’ನಲ್ಲಿರುವ ಕಥೆಗಳನ್ನು ಅವರು ಮೊದಲ ಮಹಾಯುದ್ಧದ ಕಾಲದಲ್ಲೇ ಶುರು ಮಾಡಿದ್ದರು. ಒಮ್ಮೆ ಪ್ರಕಾಶಕರೇ ಬೇಡ ಅಂದರು, ನಿಜ. ಆದರೆ ಆಮೇಲೂ ಅದು ಮುಗಿಯಲಿಲ್ಲ. 1973ರಲ್ಲಿ ತೀರಿಕೊಂಡಾಗಲೂ ಇನ್ನೂ ತಿದ್ದುವುದು ಬಾಕಿ ಇತ್ತು. 1977ರಲ್ಲಿ ಅದನ್ನು ಜೋಡಿಸಿ ಹೊರತಂದದ್ದು ಮಗ ಕ್ರಿಸ್ಟೊಫರ್. ಒಂದೊಂದು ಕಥೆಗೂ ಹಲವು ರೂಪ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಮಗ ತಲೆ ಕೆಡಿಸಿಕೊಳ್ಳಬೇಕಾಯಿತು. ನಿಮ್ಮ ಮನೆಯವರಿಗೆ ಆ ಕೆಲಸ ಹಚ್ಚಬೇಡಿ.

ನಿಮ್ಮ ಪರ ಸಾಕ್ಷಿ ಬೇಕೆಂದರೆ ಇಂಗ್ಲೆಂಡಿನ ಫ್ಯಾಂಟಸಿ ಲೇಖಕಿ ಸುಸಾನಾ ಕ್ಲಾರ್ಕ್ ಇದ್ದಾರೆ. ಅವರ ಮೊದಲ ಕಾದಂಬರಿಗೆ ಹತ್ತು ವರ್ಷ ಹಿಡಿಯಿತು. 2004ರಲ್ಲಿ ಬಂತು, ಮರುವರ್ಷ ಫ್ಯಾಂಟಸಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನೂ ತಂದಿತು. ಆದರೆ ಆ ಹತ್ತು ವರ್ಷ ಅವರು ಕದ ಹಾಕಿಕೊಂಡು ಕೂತಿರಲಿಲ್ಲ. ಅದೇ ಲೋಕದ ಸಣ್ಣ ಕಥೆಗಳನ್ನು ಅಚ್ಚಿಗೆ ಕೊಡುತ್ತಿದ್ದರು. ಮೊದಲನೆಯದು 1996ರಲ್ಲೇ ಬಂದಿತ್ತು. ನೀವು ಒಂದಾದರೂ ಕಥೆ ಯಾರಿಗಾದರೂ ಕಳಿಸಿದಿರಾ? ನಮ್ಮ ಕಡತದಲ್ಲಂತೂ ಇಲ್ಲ, ಹುಡುಕಿಸಿದೆ.

ಈಗ ನಿಮ್ಮ ಮೊದಲ ಪುಟ. ಹದಿಮೂರು ವರ್ಷದ ಹಿಂದೆ ನೀವು ಬರೆದದ್ದು ಹೀಗೆ: “ರಾತ್ರಿ ಯಾರೋ ಬಾಗಿಲು ತಟ್ಟಿದರು. ಮುದುಕಿ ತೆರೆದಳು. ಹೊರಗೆ ಹೊಳೆ ನಿಂತಿತ್ತು.” ಓದಿದವನೇ ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ. ಹೊಳೆ ಮನೆ ಬಾಗಿಲಿಗೆ ಬಂದು ತಟ್ಟುತ್ತದೆ! ಯಾಕೆ ಬಂತು? ಮುದುಕಿ ಹೆದರಿದಳಾ, ಒಳಗೆ ಬಾ ಅಂದಳಾ? ಇನ್ನು ಈಗಿನ ರೂಪ: “ಮೂರನೆಯ ಜಲಯುಗದ ಕೊನೆಯ ಪಾದದಲ್ಲಿ, ಏಳು ಕಣಿವೆಗಳ ಒಪ್ಪಂದ ಮುರಿದು ನಲವತ್ತು ವರ್ಷಗಳು ಸಂದ ಮೇಲೆ, ಉತ್ತರದ ನದೀಪಾಲಕ ವಂಶದ ಕಡೆಯ ಕುಡಿಯಾದ ವೃದ್ಧೆ...” ಆಕೆ ಎದ್ದು ಬಾಗಿಲ ತನಕ ಹೋಗುವಷ್ಟರಲ್ಲಿ ಪುಟವೇ ಮುಗಿಯಿತು. ಹೊಳೆ ಎಲ್ಲಿ ಸ್ವಾಮಿ?

ಇದು ನಿಮ್ಮೊಬ್ಬರ ಕಾಯಿಲೆ ಅಲ್ಲ ಬಿಡಿ. ನನಗೆ ಗೊತ್ತಿರುವ ಬರಹಗಾರರೊಬ್ಬರ ನಾಯಕ ಮೊದಲ ಕರಡಿನಲ್ಲಿ ಕುರಿ ಕಾಯುವ ಹುಡುಗ. ಆಮೇಲೆ ರಾಜಕುಮಾರನಾದ. ಆಮೇಲೆ ಕುರಿ ಕಾಯುವವನ ವೇಷ ಹಾಕಿದ ರಾಜಕುಮಾರ. ಕಥೆಯಲ್ಲೊಂದು ಮಾತಾಡುವ ಕಾಗೆ ಇತ್ತು, ಮಹಾ ಬಾಯಿಬಡುಕ ಕಾಗೆ. ನಾಯಕನನ್ನೂ ಬಿಡದೆ ಹಂಗಿಸುತ್ತಿತ್ತು. ತಾವು ಕಟ್ಟಿದ ಲೋಕದ ನಿಯಮಕ್ಕೆ ಹೊಂದುವುದಿಲ್ಲ ಅಂತ ಅದನ್ನೇ ಕಿತ್ತುಹಾಕಿದರು. ಇಡೀ ಹಸ್ತಪ್ರತಿಯಲ್ಲಿ ಜೀವ ಇದ್ದದ್ದು ಅದಕ್ಕೊಂದಕ್ಕೇ. ಪುಸ್ತಕ ಇನ್ನೂ ಬಂದಿಲ್ಲ. ಸಿಕ್ಕಾಗಲೆಲ್ಲ, ನಕ್ಷೆ ಸರಿಪಡಿಸುತ್ತಿದ್ದೇನೆ ಅನ್ನುತ್ತಾರೆ.

ಯಾಕೆ ಹೀಗಾಗುತ್ತದೆ? ಹೆದರಿಕೆ, ಮತ್ತೇನಲ್ಲ. ಫ್ಯಾಂಟಸಿ ಅಂದರೆ ಮಕ್ಕಳ ಕಥೆ ಅಂತ ಮೂಗು ಮುರಿಯುವವರು ಇದ್ದಾರಲ್ಲ, ಅವರ ಹೆದರಿಕೆ. ಸಂಸಾರದ ಕಾದಂಬರಿಯಲ್ಲಿ ದೆವ್ವ ಬಂದರೆ ಸಂಕೇತ ಅನ್ನುತ್ತಾರೆ. ನಿಮ್ಮ ಕಾದಂಬರಿಯಲ್ಲಿ ಡ್ರ್ಯಾಗನ್ ಬಂದರೆ ಪಲಾಯನ ಅನ್ನುತ್ತಾರೆ. ಅದಕ್ಕೇ ನಮ್ಮದೂ ಘನವಾದ ಕೆಲಸ ಅಂತ ತೋರಿಸಲು ಫ್ಯಾಂಟಸಿ ಬರೆಯುವವರು ವಂಶವೃಕ್ಷ, ಪದಕೋಶ, ಪರಿಶಿಷ್ಟ ಎಲ್ಲ ಹೊತ್ತು ತರುತ್ತಾರೆ. ಇನ್ನೊಂದು ಕಡೆ, ಹಸ್ತಪ್ರತಿ ಪೂರ್ತಿ ಓದಿ, ಪೆನ್ನು ಹಿಡಿದು, ಇದು ಬೇಡ ತೆಗೆಯಿರಿ ಅನ್ನುವವರು ಸಿಗುವುದೇ ಅಪರೂಪವಾಗಿದೆ. ಗೆಳೆಯರು ಚೆನ್ನಾಗಿದೆ ಅನ್ನುತ್ತಾರೆ. ಅವರಲ್ಲಿ ಅರ್ಧ ಜನ ಓದಿಯೇ ಇರುವುದಿಲ್ಲ. ಬೆನ್ನುಡಿ ಬರೆಯುವವರು ಅಲ್ಲೊಂದು ಇಲ್ಲೊಂದು ಪುಟ ತಿರುವಿ ಬರೆದು ಕೊಡುತ್ತಾರೆ. ಹೇಳುವವರು ಯಾರೂ ಇಲ್ಲದಾಗ ಬರೆದವರು ತಮ್ಮ ಪುಟಗಳನ್ನು ತಾವೇ ಕೆರೆಯುತ್ತಾ ಕೂರುತ್ತಾರೆ. ಒಬ್ಬ ಖಡಕ್ ಸಂಪಾದಕರು ಒಂದು ಮಧ್ಯಾಹ್ನ ನಿಮ್ಮೆದುರು ಕೂತಿದ್ದರೆ ಈ ಹದಿಮೂರು ವರ್ಷದಲ್ಲಿ ಎಷ್ಟೋ ಉಳಿಯುತ್ತಿತ್ತು, ಅಲ್ವಾ?

ಹಾಗಾದರೆ ಕೊರತೆ ಉಳಿದುಬಿಟ್ಟರೆ ಅಂತೀರಾ? ಉಳಿಯಲಿ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ತಂದಾಗ, ಅಲ್ಲಿನ ಮಾಂತ್ರಿಕರ ಶಾಲೆಯಲ್ಲಿ ಗಂಡಸರಿಗೆ ಮಾತ್ರ ಜಾಗ. ಹೆಂಗಸರ ಮಂತ್ರವನ್ನು ಹೀಗಳೆಯುವ ಗಾದೆಯೇ ಆ ಲೋಕದಲ್ಲಿ ಇತ್ತು. ಮುಂದೆ ಇದು ಅವರಿಗೇ ಚುಚ್ಚಿತು. ಹಾಗಂತ ಹಳೆಯ ಪುಸ್ತಕ ಅಳಿಸಲು ಹೋಗಲಿಲ್ಲ. 1990ರಲ್ಲಿ ‘ಟೆಹಾನು’ ಬರೆದು, ಅದೇ ಲೋಕವನ್ನು ನಡುವಯಸ್ಸಿನ ಒಬ್ಬ ವಿಧವೆಯ ಕಣ್ಣಿಂದ ತೋರಿಸಿದರು. ಮೊದಲ ಪುಸ್ತಕ ಹೊರಗೆ ಬಂದಿದ್ದರಿಂದಲೇ ಅದಕ್ಕೆ ಎದುರಾಡುವ ಪುಸ್ತಕ ಸಾಧ್ಯವಾಯಿತು.

ಹೀಗೆ ಮಾಡಿ. ಮೊದಲ ಪುಟಕ್ಕೆ ಆ ಹಳೆಯ ಮೂರು ವಾಕ್ಯ ವಾಪಸ್ ಹಾಕಿ. ಇದೊಂದು ತಿದ್ದುಪಡಿಗೆ ನನ್ನ ಒಪ್ಪಿಗೆ ಇದೆ. ಜಲಯುಗ, ಏಳು ಕಣಿವೆ ಎಲ್ಲ ಎರಡನೇ ಕಾದಂಬರಿಗೆ ಇರಲಿ. ಪುಸ್ತಕ ಬಂದಾಗ ನಮಗೊಂದು ಪ್ರತಿ ಕಳಿಸಿ. ಮೂಗು ಮುರಿಯುವವರ ಕೈಗೆ ವಿಮರ್ಶೆಗೆ ಕೊಡುವುದಿಲ್ಲ. ಹೊಳೆ ಮೊದಲ ಪುಟದಲ್ಲಿ ಕಾಣದಿದ್ದರೆ ಮಾತ್ರ ವಿಮರ್ಶೆ ನಾನೇ ಬರೆಯುತ್ತೇನೆ.