ಮ್ಯಾನೇಜರ್ ಕುರ್ಚಿ, ಯಜಮಾನ್ರ ಫೋನು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

‘ಸ್ಟ್ರಿಕ್ಟ್ ಆಗ್ಬೇಕಾ, ಸಾಫ್ಟ್ ಆಗ್ಬೇಕಾ, ಅದೊಂದು ಹೇಳ್ಬಿಡಿ ಮೇಡಂ. ಹಂಗೇ ಇದ್ಬಿಡ್ತೀನಿ.’

ಕೇಳಿದವರು ಶಿವಮೊಗ್ಗದ ಒಂದು ಮಧ್ಯಮ ಗಾತ್ರದ ಫೌಂಡ್ರಿಯ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ಪ್ರೊಡಕ್ಷನ್ ಮ್ಯಾನೇಜರ್. ವಯಸ್ಸು ನಲವತ್ತರ ಆಸುಪಾಸು. ಐಟಿಐ ಮುಗಿಸಿ ಹೆಲ್ಪರ್ ಆಗಿ ಸೇರಿ, ಮೋಲ್ಡಿಂಗ್ (ಅಚ್ಚು ಕಟ್ಟುವುದು) ಕಲಿತು, ಶಿಫ್ಟ್ ಸೂಪರ್‌ವೈಸರ್ ಆಗಿ, ಅದೇ ಶೆಡ್ಡಿನೊಳಗೇ ಮೇಲೆ ಬಂದವರು. ಕೋವಿಡ್ ಕಳೆದ ಮೇಲೆ ಹಳೆಯ ಮ್ಯಾನೇಜರ್ ಕೆಲಸ ಬಿಟ್ಟಾಗ ಫೌಂಡ್ರಿಯ ಯಜಮಾನ್ರು ಇವರನ್ನು ಕರೆದು ‘ಇನ್ಮೇಲೆ ನೀನೇ ನೋಡ್ಕೋ’ ಅಂದಿದ್ದರು. ಲಿಖಿತವಾಗಿ ಏನೂ ಇಲ್ಲ. ಸಂಬಳ ಒಂದಿಷ್ಟು ಏರಿತು, ಗಾಜಿನ ಕ್ಯಾಬಿನ್ ಸಿಕ್ಕಿತು.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ಅವರ ಹೆಂಡತಿ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಎದೆ ಹಿಡಿದಂತಾಗುತ್ತದೆ. ಡಾಕ್ಟರು ಇಸಿಜಿ ನೋಡಿ ಹೃದಯಕ್ಕೇನೂ ಆಗಿಲ್ಲ ಎಂದಿದ್ದಾರೆ. ಶಾಲೆಗೆ ಹೋಗುವ ಮಗಳು ಪೆನ್ಸಿಲ್ ಕಳೆದುಕೊಂಡರೂ ಮನೆ ಹಾರಿಹೋಗುವಂತೆ ಕೂಗಾಡುತ್ತಾರೆ.

ಇವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್ಮನ್ ಆಗಿದ್ದು ನಿವೃತ್ತರಾದವರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾರ್ಖಾನೆ ಅದು. ಫೋರ್ಮನ್ ಎಂದರೆ ಹೇಗಿರಬೇಕು ಎಂಬ ಚಿತ್ರ ಈ ಜಿಲ್ಲೆಯ ಎಷ್ಟೋ ಮನೆಗಳಿಗೆ ಬಂದದ್ದು ಅಲ್ಲಿಂದಲೇ. ‘ಅಪ್ಪ ಗೇಟಿನ ಹತ್ರ ಬಂದ್ರೆ ಬೀಡಿ ಆರ್ತಿತ್ತು’ ಎಂದು ಇವರು ಹೇಳುವಾಗ ಹೆಮ್ಮೆಯೂ ಇತ್ತು, ಹೆದರಿಕೆಯೂ ಇತ್ತು. ಹಳೆಯ ಮ್ಯಾನೇಜರೂ ಅದೇ ಥರ, ಬಾಯಿ ತೆರೆದರೆ ಬೈಗುಳ. ತಾನು ಹಾಗಾಗಬಾರದು ಎಂದು ಇವರು ಮೊದಲ ದಿನವೇ ತೀರ್ಮಾನಿಸಿದ್ದರು. ಅಷ್ಟರಲ್ಲಿ ಯಾವುದೋ ಹೋಟೆಲಿನ ಹಾಲಿನಲ್ಲಿ ಒಂದು ದಿನದ ಲೀಡರ್‌ಶಿಪ್ ತರಬೇತಿಯೂ ಆಯಿತು. ಪ್ರಶ್ನೆಪತ್ರಿಕೆ ತುಂಬಿಸಿಕೊಂಡು, ಅಂಕ ಕೂಡಿಸಿ, ‘ನೀವು ಪ್ರಜಾಸತ್ತಾತ್ಮಕ ನಾಯಕ’ ಎಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಮಧ್ಯಾಹ್ನದ ಊಟ ಚೆನ್ನಾಗಿತ್ತಂತೆ. ಇಂಥ ತರಬೇತಿಗಳ ಬಗ್ಗೆ ನನಗಿರುವ ತಕರಾರು ಒಂದೇ: ರಕ್ತದ ಗುಂಪು ಹೇಳಿದ ಹಾಗೆ ಮನುಷ್ಯನಿಗೆ ನಾಯಕತ್ವದ ಗುಂಪು ಹೇಳಿ ಕಳಿಸುತ್ತಾರೆ. ಆತ ಅದನ್ನೇ ಹಣೆಬರಹ ಮಾಡಿಕೊಳ್ಳುತ್ತಾನೆ.

ಸಮಸ್ಯೆ ಹೊರಬಿದ್ದದ್ದು ಆಷಾಢದ ಮಳೆಯಲ್ಲಿ. ಫೌಂಡ್ರಿಯ ಅಚ್ಚು ಮಾಡುವ ಮರಳಿಗೆ ಬೆಂಟೊನೈಟ್ ಎಂಬ ಅಂಟು ಜೇಡಿ, ಕಲ್ಲಿದ್ದಲಿನ ಪುಡಿ, ನೀರು ಸೇರಿಸುತ್ತಾರೆ. ನೀರು ತೂಕದ ನೂರಕ್ಕೆ ಮೂರು ನಾಲ್ಕು ಭಾಗ ಇದ್ದರೆ ಸಾಕು. ಹೆಚ್ಚಾದರೆ ಕಾದ ಲೋಹ ಬಿದ್ದ ಕೂಡಲೇ ಆವಿಯಾಗಿ ಎರಕದೊಳಗೆ ಗುಳ್ಳೆ ಬಿಡುತ್ತದೆ. ಅದಕ್ಕೆ ಬ್ಲೋಹೋಲ್ ಎನ್ನುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಮರಳು ತಾನಾಗಿಯೇ ನೀರು ಹೀರಿರುತ್ತದೆ. ಆ ತಿಂಗಳು ಕೆಟ್ಟ ಎರಕಗಳ ರಿಜೆಕ್ಷನ್ ಏರಿತು. ಹಿರಿಯ ಮೋಲ್ಡರ್ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಮುರಿದು ನೋಡಿ, ‘ನೀರು ಸರಿ ಇದೆ, ಮರಳೇ ಹಳೇದು’ ಎಂದರು. ಲ್ಯಾಬಿನ ಡಿಪ್ಲೊಮಾ ಹುಡುಗ ಮೀಟರ್ ತೋರಿಸಿ ನೀರು ಜಾಸ್ತಿ ಎಂದ. ಇವರು ಮೀಟಿಂಗ್ ಕರೆದರು. ಎಲ್ಲರ ಅಭಿಪ್ರಾಯ ಕೇಳಿದರು. ಮರುದಿನ ಇನ್ನೊಂದು ಮೀಟಿಂಗ್. ಮೂರನೆಯ ದಿನ ಯಜಮಾನ್ರು ನೇರವಾಗಿ ಹಿರಿಯ ಮೋಲ್ಡರಿಗೆ ಫೋನ್ ಮಾಡಿ ‘ಎಂತದದು ದಿನಾ ಮೀಟಿಂಗು? ನೀನು ನೋಡಿ ಮಾಡ್ಸು’ ಎಂದುಬಿಟ್ಟರು.

ಅಲ್ಲಿಂದ ಇವರು ಇನ್ನೊಂದು ತುದಿಗೆ ಜಿಗಿದರು. ರಜೆ ಕೇಳಿದವರಿಗೆ ಇಲ್ಲ ಎಂದರು. ಲ್ಯಾಬಿನ ಹುಡುಗನಿಗೆ ಎಲ್ಲರೆದುರು ಬೈದರು. ತನಗೆ ಮರಳು ಜರಡಿ ಹಿಡಿಯುವುದರಿಂದ ಹಿಡಿದು ಕೈಹಿಡಿದು ಕೆಲಸ ಕಲಿಸಿದ ಹಿರಿಯ ಮೋಲ್ಡರನ್ನು ‘ಅಣ್ಣ’ ಎನ್ನುವುದು ಬಿಟ್ಟು ಹೆಸರು ಹಿಡಿದು ಕರೆದರು. ರಜೆ ಸಿಗದವನೊಬ್ಬ ಯಜಮಾನ್ರ ಮನೆಗೆ ಹೋಗಿ ರಜೆ ಪಡೆದುಕೊಂಡು ಬಂದ. ಎದೆ ಹಿಡಿಯಲು ಶುರುವಾದದ್ದು ಆ ವಾರ.

ಇಷ್ಟು ಕೇಳಿದ ಮೇಲೆ ‘ಸ್ಟ್ರಿಕ್ಟೋ ಸಾಫ್ಟೋ’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ ಎಂದೆ. ಒಂದು ನೋಟ್‌ಬುಕ್ಕಿನಲ್ಲಿ ವಾರವಿಡೀ ಬರೆಯಲು ಹೇಳಿದೆ: ಶೆಡ್ಡಿನಲ್ಲಿ ಯಾವ ಯಾವ ತೀರ್ಮಾನ ಆಯಿತು, ತೆಗೆದುಕೊಂಡವರು ಯಾರು, ಆಮೇಲೆ ಅದು ನಿಂತಿತೋ ಬದಲಾಯಿತೋ. ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ನೀಟಾಗಿ ಗೆರೆ ಎಳೆದು ಬರೆದು ತಂದರು. ರಜೆ, ಓವರ್‌ಟೈಮ್, ಯಾವ ಗಿರಾಕಿಯ ಪೀಸ್ ಮೊದಲು ಹೊಯ್ಯುವುದು, ಹೊಸ ಹೆಲ್ಪರ್, ಗುಜರಿ ಮಾರಾಟ. ಇವರು ತೆಗೆದುಕೊಂಡ ತೀರ್ಮಾನಗಳಲ್ಲಿ ಹೆಚ್ಚಿನವು ಸಂಜೆಯೊಳಗೆ ಒಂದು ಫೋನಿನಿಂದ ಬದಲಾಗಿದ್ದವು. ಗಟ್ಟಿ ದನಿಯಲ್ಲಿ ಹೇಳಿದ್ದೂ ಬದಲಾಗಿತ್ತು, ಮೆತ್ತಗೆ ಹೇಳಿದ್ದೂ ಬದಲಾಗಿತ್ತು.

ಪುಸ್ತಕ ನೋಡಿ ಅವರಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ‘ಒಂದು ಕೆಲಸಾನೂ ಹತ್ತು ನಿಮಿಷ ಕೂತು ಮಾಡಿಲ್ಲ ನೋಡಿ, ಬರೀ ಓಡಾಟ.’ ಅದಕ್ಕೆ ನಾಚಬೇಕಾಗಿಲ್ಲ ಎಂದೆ. ಕೆನಡಾದ ಮ್ಯಾನೇಜ್‌ಮೆಂಟ್ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಐದು ಜನ ದೊಡ್ಡ ಸಂಸ್ಥೆಗಳ ಮುಖ್ಯಸ್ಥರನ್ನು ಬೆನ್ನುಹತ್ತಿ ಕೂತು ನೋಡಿದಾಗ ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ನಡೆಯುತ್ತಿರಲಿಲ್ಲ. 1973ರಲ್ಲಿ ಆತ ಮ್ಯಾನೇಜರನ ಪಾತ್ರಗಳನ್ನು ಹತ್ತು ಎಂದು ಪಟ್ಟಿ ಮಾಡಿದ. ಅದರಲ್ಲಿ ನಾಯಕ ಎಂಬುದು ಒಂದು ಪಾತ್ರ ಅಷ್ಟೇ. ಸುದ್ದಿ ಮುಟ್ಟಿಸುವುದು, ಜಗಳ ಬಿಡಿಸುವುದು, ಇರುವ ಜನ ಮತ್ತು ಸಾಮಾನನ್ನು ಯಾವುದಕ್ಕೆ ಹಾಕಬೇಕು ಎಂದು ನಿರ್ಧರಿಸುವುದು, ಚೌಕಾಸಿ ಮಾಡುವುದು ಇವೆಲ್ಲ ಬೇರೆ ಬೇರೆ. ನಮ್ಮ ಮ್ಯಾನೇಜರಿಗೆ ಓಡಾಟದ ಪಾತ್ರಗಳೆಲ್ಲ ಸಿಕ್ಕಿದ್ದವು, ನಿರ್ಧರಿಸುವ ಪಾತ್ರಗಳು ಯಜಮಾನ್ರ ಹತ್ತಿರವೇ ಉಳಿದಿದ್ದವು. ಅಧಿಕಾರ ಎಲ್ಲಿಯವರೆಗೆ ಎಂದು ಗೊತ್ತಾಗದ ಮನುಷ್ಯನಿಗೆ ಯಾವ ಶೈಲಿಯೂ ಹೊಂದುವುದಿಲ್ಲ.

ಯಜಮಾನ್ರು ಕೆಟ್ಟವರಲ್ಲ. ಒಂದೇ ಕುಲುಮೆಯಿಂದ ಶುರುಮಾಡಿದವರು. ಯಾರ ಮನೆಯಲ್ಲಿ ಯಾವಾಗ ಮದುವೆ, ಯಾರ ತಾಯಿಗೆ ಆಪರೇಷನ್, ಎಲ್ಲ ಗೊತ್ತು. ಕೈಗಡ ಕೊಡುವವರೂ ಅವರೇ. ಸಾಲಕ್ಕೆ ಹೋದವನು ಅಲ್ಲೇ ರಜೆಯನ್ನೂ ಕೇಳಿಬಿಡುತ್ತಾನೆ. ಯಜಮಾನ್ರು ಇಲ್ಲ ಎನ್ನುವುದಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಒಡೆಯ ಮತ್ತು ಆಳಿನ ಸಂಬಂಧ ನಡೆದುಬಂದದ್ದೇ ಹೀಗೆ, ಅದು ಶೆಡ್ಡಿನೊಳಗೂ ಬಂದಿದೆ. ಆ ಬಾಗಿಲು ಮುಚ್ಚಿಸಿ ಎಂದು ನಾನು ಹೇಳಲಿಲ್ಲ. ಮುಚ್ಚಿಸಿದ ಮ್ಯಾನೇಜರನ್ನು ಕೆಲಸಗಾರರು ಎಂದಿಗೂ ಕ್ಷಮಿಸುವುದಿಲ್ಲ. ಮದುವೆ, ಆಸ್ಪತ್ರೆ, ಸಾಲ ಯಜಮಾನ್ರ ಹತ್ತಿರ. ಕೆಲಸದ ಮಾತು ಮಾತ್ರ ಮ್ಯಾನೇಜರ್ ಹತ್ತಿರ. ಇಷ್ಟು ಬೇರೆಯಾದರೆ ಸಾಕಿತ್ತು.

ಆದ್ದರಿಂದ ಕೊಟ್ಟ ಮೊದಲ ಸಲಹೆ, ಒಂದು ಹಾಳೆಯಲ್ಲಿ ಮೂರು ಕಾಲಂ. ನಾನೇ ತೀರ್ಮಾನಿಸುವುದು; ಜನರನ್ನು ಕೇಳಿ ನಾನು ತೀರ್ಮಾನಿಸುವುದು; ಯಜಮಾನ್ರು ತೀರ್ಮಾನಿಸುವುದು. ಕರಡು ಬರೆದುಕೊಂಡು ಯಜಮಾನ್ರ ಎದುರು ಕೂರಬೇಕು. ಶೆಡ್ಡಿನಲ್ಲಿ ಬೇಡ, ಜಗಳವಾದ ದಿನವಂತೂ ಬೇಡ. ಆ ಮಾತುಕತೆಯನ್ನು ನಮ್ಮ ಕೋಣೆಯಲ್ಲಿ ಆಡಿ ನೋಡಿದೆವು. ಯಜಮಾನ್ರ ಪಾತ್ರ ನನ್ನದು. ಮೊದಲ ಸಲ ಅವರು ‘ನೀವು ನನ್ನ ಮರ್ಯಾದೆ ತೆಗೆದ್ರಿ’ ಎಂದು ಶುರುಮಾಡಿದರು. ನಾನು ಯಜಮಾನ್ರಾಗಿ ಕೂಡಲೇ ಸಿಟ್ಟಾದೆ. ಆಮೇಲೆ ಹಳೆಯದನ್ನು ಬಿಟ್ಟು ಮುಂದಿನದನ್ನು ಕೇಳುವ ಮಾತು ಹುಡುಕಿದೆವು: ‘ರಜೆ ವಿಷ್ಯಕ್ಕೆ ಯಾರೇ ಫೋನ್ ಮಾಡಿದ್ರೂ ಮ್ಯಾನೇಜರ್ ಹತ್ರ ಮಾತಾಡು ಅಂತ ನೀವೊಂದು ಮಾತು ಹೇಳಿ ಸಾಕು. ನನ್ನ ತೀರ್ಮಾನ ತಪ್ಪು ಅನ್ಸಿದ್ರೆ ನನ್ನನ್ನೇ ಕರೆದು ಬೈಯ್ರಿ.’

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಂಡು ಬನ್ನಿ ಎಂದಿದ್ದೆ: ಸರ್ಕಾರಿ ಕಾಗದದಲ್ಲಿ ಮ್ಯಾನೇಜರ್ ಎಂದು ಯಾರ ಹೆಸರಿದೆ? ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಕಾರ್ಖಾನೆಗೊಬ್ಬ ಮ್ಯಾನೇಜರ್ ಎಂದು ಹೆಸರು ಕೊಡಬೇಕಿತ್ತು. ಹೊಸಬರು ಬಂದರೆ ಏಳು ದಿನದೊಳಗೆ ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ಲಿಖಿತವಾಗಿ ತಿಳಿಸಬೇಕಿತ್ತು. ನಿಯಮ ಮುರಿದರೆ ಮಾಲೀಕನ ಜೊತೆ ಮ್ಯಾನೇಜರನೂ ತಪ್ಪಿತಸ್ಥನಾಗುತ್ತಿದ್ದ. ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಯಾರ ಹೆಸರನ್ನೂ ಕೊಡದಿದ್ದರೆ, ಮ್ಯಾನೇಜರನಂತೆ ಕೆಲಸ ಮಾಡುತ್ತಿರುವವನನ್ನೇ ಮ್ಯಾನೇಜರ್ ಎಂದು ಕಾಯ್ದೆ ಎಣಿಸುತ್ತಿತ್ತು. ಇದನ್ನು ಹೆದರಿಸಲು ಹೇಳಲಿಲ್ಲ. ಹೊಣೆ ತನ್ನ ತಲೆಯ ಮೇಲಿದೆ ಎಂದು ತಿಳಿದ ಮೇಲೆ ಅಧಿಕಾರ ಕೇಳಲು ಅವರಿಗಿದ್ದ ಸಂಕೋಚ ಅರ್ಧ ಇಳಿಯಿತು.

ಶೈಲಿಯ ಮಾತಿಗೆ ಬಂದದ್ದು ಇದಾದ ಮೇಲೆ. 1939ರಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗರ ಗುಂಪುಗಳನ್ನು ಬೇರೆ ಬೇರೆ ಬಗೆಯ ಮುಖಂಡರ ಕೈಗೆ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಅಪ್ಪಣೆ ಮಾಡುವವನು, ಕೂಡಿ ನಿರ್ಧರಿಸುವವನು, ಬಿಟ್ಟುಬಿಡುವವನು. ಅಪ್ಪಣೆಯವನು ಕೋಣೆಯಿಂದ ಹೊರಹೋದ ಕೂಡಲೇ ಹುಡುಗರ ಕೆಲಸ ಕುಸಿಯುತ್ತಿತ್ತು. ಕೂಡಿ ನಿರ್ಧರಿಸುವವನು ಹೋದರೂ ನಡೆಯುತ್ತಿತ್ತು. ‘ಅಪ್ಪ ಶಿಫ್ಟ್ ಮುಗಿಸಿ ಹೊರಟ ಮೇಲೆ ಏನಾಗ್ತಿತ್ತೋ, ಯೋಚ್ನೇನೇ ಮಾಡಿಲ್ಲ’ ಎಂದು ಇವರು ನಕ್ಕರು. ಆದರೆ ಆ ಹುಡುಗರು ಮಾಡುತ್ತಿದ್ದದ್ದು ಮುಖವಾಡ, ಅವರ ಕೈಯಲ್ಲಿ ಕಾದ ಲೋಹ ಇರಲಿಲ್ಲ. ಲೋಹ ಹೊಯ್ಯುವ ಪಾತ್ರೆಯಾದ ಲ್ಯಾಡಲ್‌ನಲ್ಲಿ ಸಾವಿರದ ನಾನೂರು ಡಿಗ್ರಿಯ ಕಬ್ಬಿಣ ಇರುವಾಗ ಯಾರ ಅಭಿಪ್ರಾಯವನ್ನೂ ಕೇಳುವಂತಿಲ್ಲ. ಅಲ್ಲಿ ಒಂದೇ ದನಿ, ಅದೂ ಜೋರಾಗಿಯೇ. ಮರಳಿನ ಮಿಶ್ರಣಕ್ಕೆ ಕೇಳಬೇಕು, ಕೇಳಿ ಮುಗಿಸಬೇಕು. ಹಿರಿಯ ಮೋಲ್ಡರ್ ಅಚ್ಚು ಕಟ್ಟುವಾಗ ಹಿಂದೆ ನಿಂತು ನೋಡುವುದೂ ಬೇಡ. ನಿನ್ನೆ ಸೇರಿದ ಹೆಲ್ಪರಿಗೆ ಮಾತ್ರ ಪ್ರತಿ ಹೆಜ್ಜೆ ಹೇಳಿಕೊಡಬೇಕು. ಮ್ಯಾನೇಜ್‌ಮೆಂಟ್ ಲೇಖಕರಾದ ಹರ್ಸೆ ಮತ್ತು ಬ್ಲಾಂಚರ್ಡ್ 1969ರಿಂದ ಹೇಳುತ್ತ ಬಂದದ್ದೂ ಹೆಚ್ಚುಕಡಿಮೆ ಇದನ್ನೇ: ಎದುರಿನವನಿಗೆ ಆ ಕೆಲಸ ಎಷ್ಟು ಬರುತ್ತದೆ, ಎಷ್ಟು ಮನಸ್ಸಿದೆ ನೋಡಿ ನಡೆದುಕೊಳ್ಳಿ. ಅವರ ಸಿದ್ಧಾಂತಕ್ಕೆ ಸಂಶೋಧನೆಯ ಆಧಾರ ಸಾಲದು ಎನ್ನುವವರಿದ್ದಾರೆ. ಆದರೂ ಶೆಡ್ಡಿನಲ್ಲಿ ಉಪಯೋಗಕ್ಕೆ ಬರುತ್ತದೆ.

‘ಅಣ್ಣ’ ಎನ್ನುವುದನ್ನು ಬಿಟ್ಟದ್ದು ಅವರಿಗೇ ಒಳಗೊಳಗೆ ಚುಚ್ಚುತ್ತಿತ್ತು. ಮತ್ತೆ ಕರೆಯಿರಿ, ಎಲ್ಲರೆದುರೇ ಕರೆಯಿರಿ ಎಂದೆ. ಅಣ್ಣ ಎಂದರೆ ಅಧಿಕಾರ ಹೋಗುತ್ತದೆ ಎಂಬುದು ಅವರ ಭಯ. ಹಿರಿಯರನ್ನು ಅಣ್ಣ ಎನ್ನುತ್ತಲೇ ‘ಅಣ್ಣ, ಇವತ್ತು ಈ ಮರಳು ಬೇಡ’ ಎನ್ನಲು ಬರಬೇಕು. ಬೆಳಿಗ್ಗೆ ಮೊದಲ ಹೀಟ್ (ಕುಲುಮೆಯ ಒಂದು ಸಲದ ಕರಗಿದ ಲೋಹ) ಇಳಿಸುವ ಮುಂಚೆ ಮೋಲ್ಡರ ಮುಷ್ಟಿಯ ಲೆಕ್ಕ, ಹುಡುಗನ ಮೀಟರಿನ ಲೆಕ್ಕ ಎರಡನ್ನೂ ಬೋರ್ಡಿನಲ್ಲಿ ಅಕ್ಕಪಕ್ಕ ಬರೆಯುವುದು, ಕೆಳಗೆ ತೀರ್ಮಾನ ಬರೆದು ಮ್ಯಾನೇಜರ್ ಸಹಿ ಹಾಕುವುದು ಎಂದಾಯಿತು. ಬೈಸಿಕೊಂಡ ಹುಡುಗನ ಹತ್ತಿರ, ಎಲ್ಲರೆದುರು ಬೈದದ್ದರಿಂದ ಎಲ್ಲರೆದುರೇ, ‘ಅವತ್ತು ಹಂಗೆ ಅನ್ಬಾರ್ದಿತ್ತು’ ಎಂದು ಹೇಳಿದರು. ಇದಕ್ಕೆ ಅವರು ಒಪ್ಪಲು ಬಹಳ ಸಮಯ ಬೇಕಾಯಿತು.

ಯಜಮಾನ್ರು ಹಾಳೆ ನೋಡಿ ಗುಜರಿ ಮತ್ತು ಹೊಸಬರ ನೇಮಕವನ್ನು ತಮ್ಮಲ್ಲೇ ಇಟ್ಟುಕೊಂಡರು. ರಜೆ, ಓವರ್‌ಟೈಮ್, ಮರಳು, ಯಾವ ಪೀಸ್ ಮೊದಲು ಎಂಬುದನ್ನು ಬಿಟ್ಟುಕೊಟ್ಟರು. ಇನ್‌ಸ್ಪೆಕ್ಟರಿಗೆ ಕಾಗದವೂ ಹೋಯಿತು. ಅವಸರದ ಆರ್ಡರ್ ಬಂದಾಗ ಒಮ್ಮೆ ಮತ್ತೆ ನೇರ ಫೋನ್ ಮಾಡಿದರು. ಇವರು ಆಫೀಸಿಗೆ ಹೋಗಿ ಹಾಳೆ ತೋರಿಸಿದ್ದಕ್ಕೆ ಬೈಗುಳವೂ ಸಿಕ್ಕಿತು, ತೀರ್ಮಾನವೂ ವಾಪಸ್ ಸಿಕ್ಕಿತು. ಮನೆಗೆ ಯಜಮಾನ್ರ ಬಳಿ ಹೋಗಿ ರಜೆ ತರುತ್ತಿದ್ದವನು ಸಿಟ್ಟಾಗಿ ಬೇರೆ ಕಡೆ ಸೇರಿಕೊಂಡ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ.

ಕೊನೆಯ ಭೇಟಿಯಲ್ಲಿ ಹೆಂಡತಿ ಒಂದು ಮಾತು ಹೇಳಿದರು: ರಾತ್ರಿ ಪಾಳಿಗೆ ಹೊಸದಾಗಿ ಸೂಪರ್‌ವೈಸರ್ ಆದ ಹುಡುಗನನ್ನು ಬಿಟ್ಟು ಇವರೇ ಕುಲುಮೆಯ ಆಪರೇಟರಿಗೆ ಮನೆಯಿಂದ ಫೋನ್ ಮಾಡುತ್ತಾರೆ, ರಾತ್ರಿ ಹತ್ತಕ್ಕೆ ಒಂದು ಸಲ, ಮಲಗುವ ಮುಂಚೆ ಇನ್ನೊಮ್ಮೆ. ಆ ಸೂಪರ್‌ವೈಸರನ್ನು ಎದುರು ಕೂರಿಸಿಕೊಂಡು ಅವನ ಮೂರು ಕಾಲಂ ಬರೆಯಲು ಹೇಳಿದೆ. ಫೋನ್ ಇನ್ನು ಅವನೇ ಮಾಡಬೇಕು, ಅದೂ ಮೂರೇ ಕಾರಣಕ್ಕೆ: ಯಾರಿಗಾದರೂ ಪೆಟ್ಟಾದರೆ, ಕುಲುಮೆ ಕೆಟ್ಟರೆ, ಲೋಹ ಕರಗಿರುವಾಗ ಕರೆಂಟು ಹೋಗಿ ಬೇಗ ಬಾರದಿದ್ದರೆ.