ನಾಟಕ ಓದಿದವರಿಗೆ ನಟನೆ ಬಿಟ್ಟರೆ ಬೇರೆ ಕೆಲಸ ಇದೆಯಾ?

ರಂಗಕಲೆ ಓದಬೇಕೆಂಬ ಆಸೆ ಇದೆ, ಆದರೆ ನಟಿಯಾಗಿ ಹೆಸರು ಮಾಡದಿದ್ದರೆ ಮುಂದೇನು ಅಂತ ಮನೆಯಲ್ಲಿ ಹೆದರುತ್ತಿದ್ದಾರೆ ಎಂದು ಬರೆದಿದ್ದೀರಿ. ಕೆಲಸ ಖಂಡಿತ ಇದೆ. ನಾನು ನಟನೆ ಕಲಿಯಲು ಹೋಗಿ ಸ್ಟೇಜ್ ಮ್ಯಾನೇಜರ್ ಆದವಳು.

ಎರಡನೇ ವರ್ಷದ ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ. ಕ್ಯೂ ಕೊಡುವ, ಅಂದರೆ ಬೆಳಕು, ಸಂಗೀತ ಯಾವಾಗ ಬದಲಾಗಬೇಕು ಅಂತ ಸೂಚನೆ ಕೊಡುವ ಸ್ಟೇಜ್ ಮ್ಯಾನೇಜರ್ ಕೆಲಸಕ್ಕೆ ಕೂರಿಸಿದರು. ಆ ರಾತ್ರಿ ತುಂಬಾ ಅತ್ತಿದ್ದೆ. ಮೊದಲ ಪ್ರದರ್ಶನದ ದಿನ ಹೆಡ್‌ಸೆಟ್ ಹಾಕಿಕೊಂಡು ಕೂತಾಗಲೇ ಅದು ಎಂಥ ಕೆಲಸ ಅಂತ ಗೊತ್ತಾಗಿದ್ದು. ಎದುರಿಗೆ ಪ್ರಾಂಪ್ಟ್ ಬುಕ್ ಇರುತ್ತದೆ. ಅದರಲ್ಲಿ ನಾಟಕದ ಮಾತು, ಪಕ್ಕದಲ್ಲಿ ಬೆಳಕು, ಸಂಗೀತ, ಪರದೆಯ ಒಂದೊಂದು ಬದಲಾವಣೆಗೂ ಒಂದೊಂದು ನಂಬರ್. ‘ಲೈಟ್ 42, ಸ್ಟ್ಯಾಂಡ್‌ಬೈ’ ಅಂತ ಮೊದಲೇ ಎಚ್ಚರಿಸಬೇಕು. ಸರಿಯಾದ ಕ್ಷಣಕ್ಕೆ ‘ಗೋ’ ಅನ್ನಬೇಕು. ಆ ‘ಗೋ’ ಪದವನ್ನು ಹೆಡ್‌ಸೆಟ್‌ನಲ್ಲಿ ಸುಮ್ನೆ ಬಳಸುವ ಹಾಗಿಲ್ಲ. ಬಾಯಿ ತಪ್ಪಿ ಬಂದರೆ, ನಟ ಇನ್ನೂ ಮಾತಾಡುತ್ತಿರುವಾಗಲೇ ರಂಗ ಕತ್ತಲಾಗಬಹುದು. ನಾನು ಕಲಿತ ನಟನೆ ಇಲ್ಲಿ ಪೂರ್ತಿ ಕೆಲಸಕ್ಕೆ ಬಂತು. ಕೊನೆಯ ಮಾತಿಗೆ ಮುಂಚೆ ನಟ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಅನ್ನುವುದು ನನ್ನ ಮೈಗೇ ಗೊತ್ತಿತ್ತು.

ಬೆಳಕಿನ ಕೆಲಸವೂ ಹೀಗೇ. ನೃತ್ಯಕ್ಕೆ ಎದುರಿನಿಂದಷ್ಟೇ ಬೆಳಕು ಬಿಟ್ಟರೆ ಮೈ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಬಿಟ್ಟರೆ ತೋಳು, ಬೆನ್ನು, ಕಾಲಿನ ತಿರುವು ಎದ್ದು ಕಾಣುತ್ತವೆ. ಕುಣಿದು ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತದೆ. ಧ್ವನಿ, ವಸ್ತ್ರ, ಪ್ರಸಾಧನ, ರಂಗಸಜ್ಜಿಕೆ, ಪ್ರವಾಸದ ಲೆಕ್ಕಪತ್ರ ನೋಡುವವರು, ಎಲ್ಲರೂ ಬೇಕು.

ರಂಗದ ಹೊರಗೂ ದಾರಿ ಇದೆ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್, ರೋಗಿಯಂತೆ ನಟಿಸಲು ಒಬ್ಬರಿಗೆ ತರಬೇತಿ ಕೊಟ್ಟು ವೈದ್ಯ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಈಗ ಅನೇಕ ದೇಶಗಳ ವೈದ್ಯಕೀಯ ಕಾಲೇಜುಗಳಲ್ಲಿ ಇದು ನಡೆಯುತ್ತದೆ. ಒಂದೇ ನೋವನ್ನು ಇಪ್ಪತ್ತು ವಿದ್ಯಾರ್ಥಿಗಳ ಮುಂದೆ ಇಪ್ಪತ್ತು ಸಲವೂ ಒಂದೇ ಥರ ತೋರಿಸಬೇಕು. ತಾಲೀಮು ಮಾಡಿದವರಿಗೆ ಇದು ಒಗ್ಗಿದ ಕೆಲಸ ಅಲ್ವಾ? ಬ್ರೆಜಿಲ್‌ನ ನಾಟಕ ನಿರ್ದೇಶಕ ಆಗಸ್ಟೋ ಬೋಲ್ ಬೆಳೆಸಿದ ಫೋರಂ ರಂಗಭೂಮಿಯಲ್ಲಿ ಪ್ರೇಕ್ಷಕರೇ ಎದ್ದು ಬಂದು ಪಾತ್ರದ ಜಾಗದಲ್ಲಿ ನಿಂತು ಕಥೆ ಬದಲಿಸುತ್ತಾರೆ. ಶಾಲೆ, ಜೈಲುಗಳಲ್ಲಿ ಇಂಥ ನಾಟಕ ನಡೆಸಿಕೊಡುವವರು ಬೇಕಾಗುತ್ತಾರೆ. ನಾಟಕದ ಮೂಲಕ ಮನಸ್ಸಿನ ತೊಂದರೆಗೆ ನೆರವಾಗುವ ನಾಟಕ ಚಿಕಿತ್ಸೆಗೆ ಮಾತ್ರ ಪದವಿಯ ಮೇಲೆ ಬೇರೆ ತರಬೇತಿ ಬೇಕು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಹೆಚ್ಚಿನ ಕೆಲಸ ಒಂದೊಂದು ನಾಟಕಕ್ಕೆ ಅಂತ ಸಿಗುತ್ತದೆ. ಅದು ಮುಗಿದ ಮೇಲೆ ಮತ್ತೆ ಹುಡುಕಬೇಕು. ನಾನು ಮಧ್ಯದ ತಿಂಗಳುಗಳಲ್ಲಿ ಮಕ್ಕಳಿಗೆ ಪಾಠ ಮಾಡಿ ಬಾಡಿಗೆ ಕಟ್ಟಿದ್ದೇನೆ. ಆದ್ದರಿಂದ ಮೊದಲ ವರ್ಷದಲ್ಲೇ ನಟನೆಯ ಜೊತೆ ಇನ್ನೊಂದು ಕೈಕೆಲಸ ಹಿಡಿಯಿರಿ. ಎಲ್ಲರೂ ಮೂರನೇ ವರ್ಷದ ಕೊನೆಗೆ ಈ ಬಗ್ಗೆ ಯೋಚಿಸುತ್ತಾರೆ, ಆಗ ತಡವಾಗಿರುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಮೂರು ವರ್ಷದಲ್ಲಿ ಪ್ರತಿ ವಿದ್ಯಾರ್ಥಿ ಎಷ್ಟು ಪೂರ್ಣ ನಾಟಕಗಳಲ್ಲಿ ಇರುತ್ತಾರೆ, ಅದರಲ್ಲಿ ಎಷ್ಟು ಸಲ ತೆರೆಮರೆಯಲ್ಲಿ ಅಂತ ಕೇಳಿ. ಧ್ವನಿಯ ಪಾಠ ದಿನಾ ಇದೆಯಾ ಅಂತಲೂ ಕೇಳಿ. ಗಂಟಲು ಕೆಟ್ಟರೆ ಸರಿಮಾಡಿಕೊಳ್ಳುವುದು ಬಹಳ ಕಷ್ಟ. ಸಾಧ್ಯವಾದರೆ ಅವರ ಒಂದು ಟೆಕ್ನಿಕಲ್ ರಿಹರ್ಸಲ್‌ನಲ್ಲಿ (ಬೆಳಕು, ಧ್ವನಿ, ಪರದೆಯನ್ನು ನಾಟಕಕ್ಕೆ ಹೊಂದಿಸಿ ನೋಡುವ ತಾಲೀಮು) ಹಿಂದಿನ ಸಾಲಲ್ಲಿ ಕೂರಲು ಅನುಮತಿ ಕೇಳಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಒಂದು ದೃಶ್ಯ ನಿಲ್ಲಿಸಿ, ಮತ್ತೆ ಶುರುಮಾಡಿ, ಮತ್ತೆ ನಿಲ್ಲಿಸುವುದನ್ನು ನೋಡಿದರೆ ಅಲ್ಲಿ ಎಷ್ಟು ಜನ ಎಷ್ಟು ಬಗೆಯ ಕೆಲಸ ಮಾಡುತ್ತಾರೆ ಅಂತ ಅವರಿಗೇ ಕಾಣುತ್ತದೆ.