ಹಾಲಿನ ಪುಸ್ತಕದ ಹಿಂದಿನ ಪುಟಗಳು

ನನ್ನ ಬಳಿ ಆಪ್ತಸಲಹೆಗೆ ಬರುವವರ ಕೈಯಲ್ಲಿರುವ ಚೀಟಿಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತದೆ: "ಎಲ್ಲ ರಿಪೋರ್ಟ್ ನಾರ್ಮಲ್. ಕೌನ್ಸೆಲಿಂಗ್‌ಗೆ ಕಳಿಸಿದೆ." ಸುಸ್ತು, ಬಿಟ್ಟುಬಿಟ್ಟು ಬರುವ ಜ್ವರ, ಕುತ್ತಿಗೆಯಲ್ಲೋ ಕಂಕುಳಲ್ಲೋ ಒಂದು ಗಂಟು. ಕಾರಣ ಸಿಕ್ಕಿಲ್ಲ. ಸಿಗಲಿಲ್ಲ ಅಂದಮೇಲೆ ಮನಸ್ಸಿನದ್ದೇ ಇರಬೇಕು ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ, ಕೆಲವೊಮ್ಮೆ ವೈದ್ಯರೂ. ಈ ತೀರ್ಮಾನವನ್ನು ನಾನೂ ಒಮ್ಮೆ ಮರುಮಾತಿಲ್ಲದೆ ಒಪ್ಪಿಕೊಂಡೆ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಆಕೆಯನ್ನು ಸುಮಾ ಎನ್ನೋಣ. 29 ವರ್ಷ. ಗಂಡನದು ಗೊಬ್ಬರದ ಅಂಗಡಿ, ಮನೆಯಲ್ಲಿ ಎರಡು ಹಸು, ಶಾಲೆಗೆ ಹೋಗುವ ಮಗಳು, ಅತ್ತೆ. ಕುತ್ತಿಗೆಯ ಬಲಗಡೆ ಗಂಟು ಕಾಣಿಸಿಕೊಂಡಾಗ ಅತ್ತೆ, "ಗಳಲೆ ಕಟ್ಟಿದೆ, ಇಳಿಯುತ್ತೆ ಬಿಡು" ಎಂದು ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಚರ್ಮ ಬೊಬ್ಬೆ ಎದ್ದಿತು, ಗಂಟು ಇಳಿಯಲಿಲ್ಲ. ಊರಿನ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಆಯಿತು. ಹತ್ತು ದಿನ ಹಗುರ, ಆಮೇಲೆ ಮತ್ತದೇ. ಪೇಟೆಯ ಆಸ್ಪತ್ರೆಯಲ್ಲಿ ರಕ್ತ, ಎದೆಯ ಎಕ್ಸ್‌ರೇ, ಥೈರಾಯ್ಡ್, ಸ್ಕ್ಯಾನಿಂಗ್, ಕೊನೆಗೆ ಗಂಟಿಗೆ ಸೂಜಿ ಚುಚ್ಚಿ ಜೀವಕೋಶ ತೆಗೆಯುವ ಎಫ್‌ಎನ್‌ಎಸಿ. ಎಲ್ಲೂ ಏನೂ ಇಲ್ಲ ಎಂದರು. ಅಷ್ಟರಲ್ಲಿ ಸುಮಾಳ ನಿದ್ದೆ ಹಾರಿಹೋಗಿತ್ತು. ಕನ್ನಡಿ ಮುಂದೆ ನಿಂತು ದಿನಕ್ಕೆ ಹತ್ತಾರು ಸಲ ಗಂಟನ್ನು ಒತ್ತಿ ನೋಡುತ್ತಿದ್ದಳು.

ಮೊದಲ ಎರಡು ಭೇಟಿಗಳಲ್ಲಿ ಆತಂಕಕ್ಕೆ ಮಾಡುವುದನ್ನೆಲ್ಲ ಮಾಡಿದೆ. ಉಸಿರಾಟದ ಅಭ್ಯಾಸ, ಮಲಗುವ ಹೊತ್ತಿನ ಶಿಸ್ತು, ಗಂಟು ಮುಟ್ಟದಿರಲು ಒಂದು ಕ್ರಮ. ಆಕೆ ಎಲ್ಲದಕ್ಕೂ "ಆಯ್ತು ಮೇಡಂ" ಎಂದಳು, ಹೇಳಿದ್ದನ್ನೆಲ್ಲ ಮಾಡಿಯೂ ಮಾಡಿದಳು. ಆ ವಿಧೇಯತೆಯನ್ನು ನಾನು ಸುಧಾರಣೆ ಅಂದುಕೊಂಡೆ.

ಮೂರನೇ ಸಲ ಗಂಡನೂ ಬಂದಿದ್ದ. ಕೆಟ್ಟವನಲ್ಲ, ಓಡಾಡಿ ಸೋತವನು. "ಸಾಲ ಮಾಡಿ ತೋರಿಸಿದ್ದೀನಿ ಮೇಡಂ. ಎಲ್ಲ ನಾರ್ಮಲ್ಲೇ ಬಂತು. ಇವಳಿಗೆ ಮಾತ್ರ ಸಮಾಧಾನ ಇಲ್ಲ" ಎಂದ. ಸುಮಾ ಏನೂ ಹೇಳದೆ ಚೀಲದಿಂದ ಡೇರಿಗೆ ಹಾಲು ಹಾಕುವ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಮುಂದಿನ ಪುಟಗಳಲ್ಲಿ ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು. ಹಿಂದಿನಿಂದ ತಿರುವಿದರೆ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ: "ಸಂಜೆ 5.30, 99.8. ರಾತ್ರಿ 9, 100.6. ಬೆವರು, ರವಿಕೆ ಬದಲಾಯಿಸಿದೆ." ಹೀಗೆ 41 ದಿನ. ನಡುನಡುವೆ ಬೇರೆ ಲೆಕ್ಕ: "ಅಂಗಡಿ ತಕ್ಕಡಿ, 54." ಕೆಲವು ಪುಟ ಬಿಟ್ಟು 52. ಕೊನೆಯದು 49. ಗಂಡ ಊಟಕ್ಕೆ ಹೋದಾಗ ಗೊಬ್ಬರದ ಚೀಲ ತೂಗುವ ತಕ್ಕಡಿಯ ಮೇಲೆ ನಿಂತು ನೋಡಿಕೊಂಡಿದ್ದಳು.

ಗಂಡ ಪುಸ್ತಕವನ್ನು ಎರಡು ಸಲ ತಿರುವಿದ. "ಇದನ್ನ ನಂಗ್ಯಾಕೆ ತೋರಿಸ್ಲಿಲ್ಲ ನೀನು?"

"ರಿಪೋರ್ಟ್ ಏನು ಬಂತು ಅಂತ ಕೇಳ್ತಿದ್ರಿ ರೀ. ಜ್ವರ ಬಂತಾ ಅಂತ ಯಾರೂ ಕೇಳ್ಲಿಲ್ಲ."

ಆ ಯಾರೂ ಎಂಬುದರಲ್ಲಿ ನಾನೂ ಇದ್ದೆ. ಎರಡು ಭೇಟಿ, ಒಟ್ಟು ಎರಡು ಗಂಟೆ, ನಾನು ಭಯದ ಬಗ್ಗೆ ಕೇಳಿದ್ದೆನೇ ಹೊರತು ಜ್ವರದ ಬಗ್ಗೆ ಕೇಳಿರಲಿಲ್ಲ.

ಫೈಲು ಬಿಚ್ಚಿ ಒಂದೊಂದೇ ಹಾಳೆ ಮೂವರೂ ಕೂತು ಓದಿದೆವು. ಎಫ್‌ಎನ್‌ಎಸಿ ವರದಿಯಲ್ಲಿ 'ರಿಯಾಕ್ಟಿವ್' ಎಂದಿತ್ತು, ಅಂದರೆ ಯಾವುದಕ್ಕೋ ಪ್ರತಿಕ್ರಿಯೆಯಾಗಿ ಗ್ರಂಥಿ ಊದಿಕೊಂಡಿದೆ ಎಂದಷ್ಟೇ. ಅದರ ಕೆಳಗೇ, ನಾಲ್ಕು ವಾರದಲ್ಲಿ ಇಳಿಯದಿದ್ದರೆ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಿಸಬೇಕು ಎಂಬ ಸೂಚನೆ. ಅದು ಬರೆದು ಎರಡು ತಿಂಗಳು ದಾಟಿತ್ತು. ಯಾಕೆ ಮಾಡಿಸಲಿಲ್ಲ ಎಂದಾಗ ಗಂಡ ತಲೆ ತಗ್ಗಿಸಿದ: "ಗಂಟಿಗೆ ಕತ್ತಿ ತಾಗಿಸಿದ್ರೆ ಹರಡುತ್ತೆ ಅಂದ್ರು ಅಮ್ಮ."

ನನ್ನ ಸಲಹೆ ಹೀಗಿತ್ತು. ಇದೇ ವಾರ ಒಬ್ಬ ಫಿಸಿಷಿಯನ್ ಹತ್ತಿರ ಹೋಗಿ, ಇನ್ನು ಮುಂದೆ ಅವರೊಬ್ಬರ ಹತ್ತಿರವೇ. ಹಾಲಿನ ಪುಸ್ತಕ ಕೈಯಲ್ಲಿರಲಿ. ಹೆಸರು ಗೊತ್ತಿಲ್ಲದ ಆ ಇಂಜೆಕ್ಷನ್ ವಿಷಯ ತಪ್ಪದೆ ಹೇಳಿ, ಅದು ಸ್ಟೀರಾಯ್ಡ್ ಆಗಿದ್ದರೆ ಗಂಟನ್ನು ಕೆಲವು ದಿನ ಕುಗ್ಗಿಸಿ ರೋಗದ ಗುರುತನ್ನೇ ಮಸುಕು ಮಾಡಬಲ್ಲದು. ವೈದ್ಯರು 'ನಾರ್ಮಲ್' ಅಂದರೆ ಎರಡು ಪ್ರಶ್ನೆ ಕೇಳಿ: ಈ ಪರೀಕ್ಷೆಯಿಂದ ಯಾವುದು ಇಲ್ಲ ಅಂತ ಗೊತ್ತಾಯ್ತು, ಯಾವುದು ಇನ್ನೂ ಗೊತ್ತಾಗಿಲ್ಲ? ಗಂಟು ಹೀಗೇ ಇದ್ದರೆ ಮತ್ತೆ ಯಾವಾಗ ಬರಲಿ? ಗಂಟನ್ನು ಭಾನುವಾರಕ್ಕೊಮ್ಮೆ ಮಾತ್ರ ಮುಟ್ಟಿ ನೋಡಿ, ಪದೇ ಪದೇ ಒತ್ತಿದರೆ ಅದೇ ನೋಯತೊಡಗುತ್ತದೆ. ಜೊತೆಗೆ ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಟ್ಟೆ.

ಆಪ್ತಸಲಹೆಗಾರರು ವೈದ್ಯಕೀಯಕ್ಕೆ ಕೈ ಹಾಕಬಾರದು ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ರೋಗದ ಹೆಸರು ಹೇಳಲಿಲ್ಲ, ಔಷಧ ಹೇಳಲಿಲ್ಲ. ವೈದ್ಯರೇ ಬರೆದಿಟ್ಟ, ಮನೆಯವರು ದಾಟಿಹೋದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಕೌನ್ಸೆಲಿಂಗ್‌ಗೆ ಬಂದರು ಅಂದಮಾತ್ರಕ್ಕೆ ರೋಗ ಮನಸ್ಸಿನದ್ದು ಎಂದು ಸಾಬೀತಾಗುವುದಿಲ್ಲ. ಆತಂಕವೂ ಇರಬಹುದು, ಗಂಟಿನೊಳಗೆ ರೋಗವೂ ಇರಬಹುದು. ಎರಡು ಸೆಂಟಿಮೀಟರ್ ದಾಟಿದ, ಗಟ್ಟಿಯಾದ, ನಾಲ್ಕಾರು ವಾರವಾದರೂ ಇಳಿಯದ ಗಂಟು. ಕೊರಳ ಮೂಳೆಯ (ಕಾಲರ್ ಬೋನ್) ಮೇಲೆ ಬಂದದ್ದಾದರೆ ಎಷ್ಟೇ ಚಿಕ್ಕದಿರಲಿ. ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ. ಇವನ್ನು ಉಸಿರಾಟದ ಅಭ್ಯಾಸದಿಂದ ಸುಮ್ಮನಾಗಿಸಲು ಹೊರಟರೆ ಅದು ನನ್ನ ವೃತ್ತಿಗೇ ದ್ರೋಹ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಹೋದ ತಿಂಗಳು ಬಂದ ಕಾಲೇಜು ಹುಡುಗನ ಕುತ್ತಿಗೆಯ ಗಂಟು ಬಟಾಣಿ ಕಾಳಿಗಿಂತ ಚಿಕ್ಕದು, ವರ್ಷದಿಂದ ಹಾಗೇ ಇದೆ, ಜ್ವರವಿಲ್ಲ, ತೂಕ ಇಳಿದಿಲ್ಲ. ಮೂವರು ವೈದ್ಯರು ಪರೀಕ್ಷಿಸಿ ಇನ್ನೇನೂ ಬೇಡ ಎಂದಿದ್ದಾರೆ. ನಾಲ್ಕನೆಯವರ ಬಳಿ ಹೋಗಬೇಡ, ಇಂಟರ್ನೆಟ್‌ನಲ್ಲಿ ಹುಡುಕುವುದನ್ನು ನಿಲ್ಲಿಸು ಎಂದು ಅವನಿಗೆ ಗಟ್ಟಿಯಾಗಿಯೇ ಹೇಳಿದೆ. ಇಬ್ಬರಿಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ, ಯಾರಿಗೆ ಯಾವುದು ಎಂದು ಕೇಳಿಯೇ ತಿಳಿಯಬೇಕು.

ಸುಮಾಳ ಬಯಾಪ್ಸಿಯಲ್ಲಿ ಗ್ರಂಥಿಯ ಕ್ಷಯ ಎಂದು ಬಂತು, ಹಿಂದಿನವರು ಗಂಡಮಾಲೆ ಎನ್ನುತ್ತಿದ್ದುದು. ಎದೆಯ ಎಕ್ಸ್‌ರೇ ಚೆನ್ನಾಗಿದ್ದರೂ ಇದು ಇರಬಹುದು. ಆರು ತಿಂಗಳ ಮಾತ್ರೆ ಸರ್ಕಾರದಿಂದ ಉಚಿತ, ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಅತ್ತೆ ಸೊಸೆಯ ತಟ್ಟೆ ಲೋಟ ಬೇರೆ ಇಟ್ಟಾಗ ಅವರನ್ನೂ ಕರೆಸಿ ಕೂರಿಸಿ ಹೇಳಿದೆ: ಶ್ವಾಸಕೋಶದಲ್ಲಿಲ್ಲದೆ ಗ್ರಂಥಿಯಲ್ಲಷ್ಟೇ ಇರುವ ಕ್ಷಯ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಅಮ್ಮ, ತಟ್ಟೆಯಿಂದಂತೂ ಯಾವ ಕ್ಷಯವೂ ಅಂಟುವುದಿಲ್ಲ. ಅವರು ಒಪ್ಪಲು ಇನ್ನೊಂದು ಭೇಟಿ ಬೇಕಾಯಿತು.

ಎರಡನೇ ತಿಂಗಳಲ್ಲಿ ಸುಮಾ ಫೋನ್ ಮಾಡಿದಳು. "ಗಂಟು ಇನ್ನೂ ದಪ್ಪ ಆಗಿದೆ ಮೇಡಂ. ಡಾಕ್ಟ್ರಿಗೆ ತೋರಿಸಿ ಬಂದೆ. ಮಾತ್ರೆ ಕೆಲಸ ಮಾಡ್ತಿರುವಾಗ ಕೆಲವರಿಗೆ ಹೀಗಾಗುತ್ತಂತೆ, ನಿಲ್ಲಿಸಬೇಡ ಅಂದ್ರು. ಮತ್ತೆ ಯಾವಾಗ ಬರಲಿ ಅಂತಾನೂ ಕೇಳ್ಕೊಂಡೆ." ಗಾಬರಿ ದನಿಯಲ್ಲಿತ್ತು. ಆದರೂ ಕೇಳಬೇಕಾದ್ದನ್ನು ಕೇಳಿ ಬಂದಿದ್ದಳು.

ಈಗ ನಾಲ್ಕನೇ ತಿಂಗಳು, ತೂಕ 52. ಗಂಡನೇ ಅಂಗಡಿಯ ತಕ್ಕಡಿ ಮೇಲೆ ನಿಲ್ಲಿಸಿ ಬರೆದುಕೊಳ್ಳುತ್ತಾನಂತೆ.